ಎರಡೇ ತಿಂಗಳು ತಡೀರಿ

ಪುಟ್ಟುವಿನ ಕ್ಯಾಮೆರಾ ಅಂಗಡಿಯಲ್ಲಿ ಕೊಳ್ಳಲು ಬಂದವರಿಗೆಂದು ಎರಡು ಕುರ್ಚಿಗಳಿದ್ದವು. ಅದರಲ್ಲಿ ಒಂದರ ಮೇಲೆ ಸದಾ ಭಾವ ಇರುತ್ತಿದ್ದರು. ಗಾಜಿನ ಕಪಾಟಿನಲ್ಲಿದ್ದ ಮಿಕ್ಕೆಲ್ಲ ಸಾಮಾನನ್ನೂ ಇವತ್ತಲ್ಲ ನಾಳೆ ಮಾರಬಹುದಿತ್ತು. ಭಾವನನ್ನು ಯಾರಿಗೆ ಮಾರುವುದು?

ಪುಟ್ಟು ಎಂಬುದು ಅಕ್ಕ ಇಟ್ಟ ಹೆಸರು. ವಯಸ್ಸು ಐವತ್ತರ ಹತ್ತಿರ ಬಂದು, ನೆತ್ತಿ ಬಯಲಾಗಿ, ಹೊಟ್ಟೆ ಬೆಲ್ಟಿನ ಮೇಲೆ ಒರಗಿಕೊಂಡಿದ್ದರೂ ಬೀದಿಗೆಲ್ಲ ಅವನು ಪುಟ್ಟುವೇ. ಭಾವ ಆ ಅಕ್ಕನ ಗಂಡ. ರೈಲ್ವೆಯ ಸಿಗ್ನಲ್ ಕ್ಯಾಬಿನ್ನಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಓಡಿ ಬರುವ ರೈಲನ್ನು ಊರ ಹೊರಗೆ ಕೆಂಪು ದೀಪ ತೋರಿಸಿ ನಿಲ್ಲಿಸುವುದು, ಒಳಗೆ ಕೂತವರು ಎಷ್ಟೇ ಹಿಡಿಶಾಪ ಹಾಕಿದರೂ ತಾವು ನೆಮ್ಮದಿಯಾಗಿ ಚಹಾ ಕುಡಿಯುವುದು, ಇದೇ ಅವರ ಇಡೀ ಸರ್ವಿಸು. ನಿವೃತ್ತಿಯಾದ ಮೇಲೆ ನಿಲ್ಲಿಸಲು ರೈಲು ಸಿಗಲಿಲ್ಲ. ಭಾವಮೈದುನನ ಗಿರಾಕಿಗಳು ಸಿಕ್ಕಿದರು.

ಮೊದಲ ದಿನ ಅವರೂ ಗಿರಾಕಿಯಾಗಿಯೇ ಬಂದಿದ್ದರು. ಅವರ ಹತ್ತಿರ ಇದ್ದ ಹಳೆಯ ಕ್ಯಾಮೆರಾ ಎಂಥದೆಂದರೆ, ಗುಂಡಿ ಒತ್ತಿದರೆ ಒಳಗಿನಿಂದ ನೆಗಡಿಯಾದವರು ಸೀನುವ ಸದ್ದು ಬರುತ್ತಿತ್ತು. ಪುಟ್ಟು ಕಪಾಟಿನಿಂದ ಒಳ್ಳೆಯದೊಂದನ್ನು ತೆಗೆದು ಕೊಟ್ಟ. ಭಾವ ಅದನ್ನು ಹಿಂದೆ ಮುಂದೆ ತಿರುಗಿಸಿ, ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ ನೋಡಿದರು.

"ಇದರ ಮುಂದಿನ ಮಾಡೆಲ್ ಬರುತ್ತಂತಲ್ಲ?"

"ಬರಬಹುದು ಭಾವ. ಇನ್ನೊಂದು ಎರಡು ತಿಂಗಳು ಆಗುತ್ತೆ ಅಂತಾರೆ."

ಆ ಮಾತಾಡಿದ ತನ್ನ ನಾಲಿಗೆಯನ್ನು ಪುಟ್ಟು ಮುಂದೆ ಎಷ್ಟು ಸಲ ಶಪಿಸಿಕೊಂಡನೋ. ಭಾವ ಕ್ಯಾಮೆರಾ ಕೆಳಗಿಟ್ಟು ಕುರ್ಚಿಯಲ್ಲಿ ಕೂತರು. ಹೊಸ ಮಾಡೆಲಿಗೆ ಕಾಯುತ್ತೇನೆ ಎಂದರೆ ಅಂಗಡಿಯಲ್ಲೇ ಕೂತು ಕಾಯುತ್ತೇನೆ ಎಂದರ್ಥವೆಂದು ಪುಟ್ಟುವಿಗೆ ಆಗ ಹೊಳೆಯಲಿಲ್ಲ.

ಎರಡು ತಿಂಗಳು ಹೋಯಿತು, ಹೊಸ ಮಾಡೆಲ್ ಬರಲಿಲ್ಲ. ಆದರೆ ಅದರ ಸುದ್ದಿ ಬರುತ್ತಿತ್ತು. ಭಾವ ಅದನ್ನೆಲ್ಲ ಫೋನಿನಲ್ಲಿ ಓದಿ ಅರಗಿಸಿಕೊಂಡರು. ಅದರ ಸೆನ್ಸರ್ ಬೇರೆಯಂತೆ, ಕತ್ತಲಲ್ಲೂ ಬೆಕ್ಕಿನ ಮೀಸೆ ಎಣಿಸಬಹುದಂತೆ, ಓಡುವವರ ಕಣ್ಣನ್ನೇ ಹುಡುಕಿ ಹಿಡಿಯುತ್ತದಂತೆ. ಓಡುವವರ ಫೋಟೋ ತೆಗೆಯುವ ಸಂದರ್ಭ ಭಾವನ ಬದುಕಿನಲ್ಲಿ ಯಾವಾಗ ಬಂದಿತ್ತೋ, ಮುಂದೆ ಯಾವಾಗ ಬರುವುದೋ, ಅದನ್ನು ಕೇಳುವ ಹಕ್ಕು ಭಾವಮೈದುನನಿಗೆ ಇರಲಿಲ್ಲ. ಕೈಯಲ್ಲಿ ದುಡ್ಡಿತ್ತು, ಎದುರಿಗೆ ಕ್ಯಾಮೆರಾ ಇತ್ತು, ಭಾವ ಮೀನಮೇಷ ಎಣಿಸುತ್ತಿದ್ದರು. ಅವರೊಬ್ಬರೇ ಎಣಿಸಿಕೊಂಡಿದ್ದರೆ ಪುಟ್ಟುವಿಗೇನೂ ನಷ್ಟವಿರಲಿಲ್ಲ.

ಒಂದು ಸಂಜೆ ಬೀದಿಯ ಕೊನೆಯ ಬೇಕರಿಯ ಒಡತಿ ಬಂದಳು. ತಾನು ಮಾಡುವ ಕೇಕುಗಳ ಫೋಟೋ ತೆಗೆಯಲು ಅವಳಿಗೊಂದು ಕ್ಯಾಮೆರಾ ಬೇಕಿತ್ತು. ಅವಳು ನೋಡಿದಳು, ಒಪ್ಪಿದಳು, ಪರ್ಸು ಕೂಡ ತೆರೆದಳು. ಅಷ್ಟರಲ್ಲಿ ಕುರ್ಚಿಯಿಂದ ಮೃದುವಾದ ದನಿಯೊಂದು ಕೇಳಿಸಿತು.

"ಅವಸರ ಏನಾದ್ರೂ ಇದೆಯಾ ತಾಯಿ?"

"ಅವಸರ ಅಂತೇನಿಲ್ಲ. ಯಾಕೆ?"

"ಏನಿಲ್ಲ. ದುಡಿದ ದುಡ್ಡು ಅಲ್ವಾ, ಅದಕ್ಕೆ ಹೇಳಿದೆ. ಎರಡೇ ತಿಂಗಳು ತಡೀರಿ. ಇದರ ಅಪ್ಪನಂಥದ್ದು ಬರುತ್ತೆ."

ಪರ್ಸಿನ ಜಿಪ್ಪು ಮುಚ್ಚಿಕೊಂಡ ಸದ್ದು ಪುಟ್ಟುವಿನ ಎದೆಯೊಳಗೇ ಕೇಳಿಸಿತು. ಬೇಕರಿಯವಳು ಭಾವನಿಗೆ ಕೈಮುಗಿದು, ಇಂಥ ಪ್ರಾಮಾಣಿಕ ಅಂಗಡಿಯನ್ನು ತಾನು ಎಲ್ಲೂ ನೋಡಿಲ್ಲವೆಂದು ಹೇಳಿ ಹೋದಳು. ಭಾವ ಪುಟ್ಟುವಿನ ಕಡೆ ತಿರುಗಿದರು.

"ನೋಡಿದ್ಯಾ? ಹೆಸರು ಅಂದ್ರೆ ಇದು. ದುಡ್ಡು ಯಾರು ಬೇಕಾದ್ರೂ ಮಾಡ್ತಾರೆ."

ಆಮೇಲೆ ಮೊಮ್ಮಗು ಹುಟ್ಟಿದ ಖುಷಿಯಲ್ಲಿ ಬಂದ ವಕೀಲರೂ ಭಾವನ ಮಾತು ಕೇಳಿ ತಡೆದರು. ಪ್ರವಾಸ ಹೊರಟ ದಂಪತಿ ತಡೆದರು. ಕ್ಯಾಮೆರಾ ಇಲ್ಲದೆಯೇ ಹೋಗಿ ಬಂದರು. ಹಳೆಯ ಮಾಡೆಲಿನ ಪೆಟ್ಟಿಗೆಗಳು ಮಾತ್ರ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೂರು ಮುಟ್ಟಿ ನಿಂತವು. ಹೊಸದು ಬಂದ ದಿನ ಅವುಗಳ ಬೆಲೆ ಪಾತಾಳಕ್ಕೆ ಇಳಿಯುತ್ತದೆ ಎಂದು ಪುಟ್ಟುವಿಗೆ ಗೊತ್ತಿತ್ತು. ಎಲ್ಲ ಗೊತ್ತಿದ್ದೂ ಭಾವನಿಗೆ ನಾಳೆಯಿಂದ ಬರಬೇಡಿ ಎನ್ನಲು ಬಾಯಿ ಬರಲಿಲ್ಲ. ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು ಅಕ್ಕ. ಓದಿಸಿದವರು ಇದೇ ಭಾವ. ಹಾಗಾಗಿ ಅವನು ದಿನಾ ಸಂಜೆ ಹಲ್ಲು ಕಚ್ಚಿಕೊಂಡು ಅವರಿಗೆ ಚಹಾ ತರಿಸುತ್ತಿದ್ದ.

ಕೊನೆಗೆ ಹಲ್ಲು ಕಚ್ಚಿ ಕಚ್ಚಿ ಸಾಕಾಗಿ ಅವನು ಒಂದು ಸುಳ್ಳು ಹೇಳಿದ.

ಆ ದಿನ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಪುಟ್ಟು ಫೋನನ್ನು ಕಿವಿಯಿಂದ ತೆಗೆದು, ಸಾವಿನ ಸುದ್ದಿ ಕೇಳಿದವನಂತೆ ಮುಖ ಮಾಡಿಕೊಂಡು ಸ್ಟೂಲಿನ ಮೇಲೆ ಕೂತ.

"ಏನಾಯ್ತೋ?" ಭಾವ ಕೇಳಿದರು.

"ನಮಗೆ ಮಾಲು ಕಳಿಸೋ ಡೀಲರು ಫೋನ್ ಮಾಡಿದ್ರು ಭಾವ. ಹೊಸ ಮಾಡೆಲ್ ಬರೋದಿಲ್ಲವಂತೆ. ಸ್ವಲ್ಪ ಹೊತ್ತು ಹಿಡ್ಕೊಂಡ್ರೆ ಕಾದ ಕಾವಲಿ ಆಗುತ್ತಂತೆ. ಕಂಪನಿಯವರು ಗುಟ್ಟಾಗಿ ಕೈಬಿಟ್ಟಿದ್ದಾರೆ. ಯಾರಿಗೂ ಹೇಳ್ಬೇಡಿ."

ಎಷ್ಟೋ ಕಾಲ ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದ ರೈಲು ರದ್ದಾಗಿದೆ ಎಂದು ತಿಳಿದವರ ಮುಖ ಭಾವನದಾಗಿತ್ತು. ಪುಟ್ಟುವಿಗೆ ಪಾಪ ಎನ್ನಿಸಿತು. ಆದರೂ ಕೈ ಕಪಾಟಿನತ್ತ ಹೋಗಿ ಹಳೆಯ ಮಾಡೆಲನ್ನು ಹೊರಗೆ ತೆಗೆಯಿತು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ವ್ಯಾಪಾರ ಮುಗಿಯಿತು. ಭಾವ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ಮನೆಗೆ ಹೋದರು. ಇನ್ನು ಅವರು ಅದರ ಹಿಂದೆ ಬಿದ್ದು ಅಂಗಡಿಯ ದಾರಿ ಮರೆಯುತ್ತಾರೆ ಎಂದು ಪುಟ್ಟು ಆ ರಾತ್ರಿ ಎರಡು ತುತ್ತು ಹೆಚ್ಚೇ ಉಂಡ.

ಮರುದಿನ ಸಂಜೆ ಭಾವ ಕುರ್ಚಿಯಲ್ಲಿದ್ದರು. ಕ್ಯಾಮೆರಾ ಅವರ ಹೊಟ್ಟೆಯ ಮೇಲಿತ್ತು. ಆದರೆ ಮನುಷ್ಯ ಬದಲಾಗಿದ್ದರು. ತಾವು ದುಡ್ಡು ಕೊಟ್ಟು ತಂದ ಕ್ಷಣದಿಂದ ಆ ಕ್ಯಾಮೆರಾಕ್ಕೆ ಸಮನಾದದ್ದು ಭೂಮಿಯ ಮೇಲೆ ಇರಲಿಲ್ಲ. ಬಂದ ಗಿರಾಕಿಗಳಿಗೆ ಅವರು ಅದನ್ನು ಹೊಗಳಿದ್ದೇ ಹೊಗಳಿದ್ದು. "ಕಣ್ಣು ಮುಚ್ಕೊಂಡು ತಗೊಳ್ಳಿ. ನಾನೇ ತಗೊಂಡಿದ್ದೀನಿ," ಎನ್ನುವರು. ಅಷ್ಟು ವರ್ಷ ಕೆಂಪು ದೀಪ ತೋರಿಸಿದವರು ಈಗ ಒಂದೇ ಸಮನೆ ಹಸಿರು ತೋರಿಸತೊಡಗಿದರು. ವಕೀಲರು ಬಂದು ಕೊಂಡರು. ಬೇಕರಿಯವಳು ಬಂದು ಕೊಂಡಳು. ಹಿಂದಿನ ಕೋಣೆಯಲ್ಲಿ ಗೋಡೆ ಕಾಣಿಸಿತು. ಪುಟ್ಟು ತನ್ನ ಬುದ್ಧಿಗೆ ತಾನೇ ತಲೆದೂಗಿದ. ಇಂಥದೊಂದು ಸುಳ್ಳನ್ನು ಇಷ್ಟು ದಿನ ಯಾಕೆ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆನೋ ಎಂದು ಪಶ್ಚಾತ್ತಾಪವೂ ಪಟ್ಟ.

ಆಗ ಹೊಸ ಮಾಡೆಲ್ ಬಂತು.

ಕಂಪನಿಯವರು ಪುಟ್ಟುವಿನ ಸುಳ್ಳನ್ನು ಕೇಳಿರಲಿಲ್ಲವಲ್ಲ. ಹೇಳಿದ ಹಾಗೆ ತಯಾರಿಸಿ, ಪೆಟ್ಟಿಗೆಗೆ ತುಂಬಿ ಕಳಿಸಿಬಿಟ್ಟರು. ಡೀಲರು ಇಷ್ಟು ಪೆಟ್ಟಿಗೆ ತೆಗೆದುಕೊಳ್ಳಲೇಬೇಕೆಂದು ಕೂತ. ಪುಟ್ಟು ಪೆಟ್ಟಿಗೆಗಳನ್ನು ಇಳಿಸಿಕೊಳ್ಳುತ್ತ ಭಾವನ ಮುಖ ನೋಡಲು ಹೆದರುತ್ತಿದ್ದ. ಬೈಯುತ್ತಾರೆ, ಅಕ್ಕನಿಗೆ ಹೇಳುತ್ತಾರೆ, ಕ್ಯಾಮೆರಾ ವಾಪಸು ಇಟ್ಟು ದುಡ್ಡು ಕೇಳುತ್ತಾರೆ ಎಂದು ಲೆಕ್ಕ ಹಾಕಿದ್ದ. ಭಾವ ಹೊಸ ಪೆಟ್ಟಿಗೆಯ ಮೇಲಿನ ಚಿತ್ರವನ್ನು ಕನ್ನಡಕ ಏರಿಸಿ ನೋಡಿದರು.

"ಏನು ಧೈರ್ಯ ನೋಡು ಇವರಿಗೆ," ಎಂದರು. "ಕೆಟ್ಟಿದ್ದು ಗೊತ್ತಿದ್ದೂ ಮಾರೋಕೆ ಬಂದಿದ್ದಾರೆ. ನೀನು ಹೇಳಿರದಿದ್ರೆ ನಾನೂ ಹಳ್ಳಕ್ಕೆ ಬೀಳ್ತಿದ್ದೆ."

ಅಲ್ಲಿಂದ ಶುರುವಾಯಿತು. ಹೊಸದನ್ನು ಕೇಳಿಕೊಂಡು ಯಾರು ಒಳಗೆ ಬಂದರೂ ಭಾವ ಅವರನ್ನು ಹತ್ತಿರ ಕರೆದು ಪಿಸುಗುಟ್ಟುವರು. ಹಿಡಿದರೆ ಕೈ ಸುಡುತ್ತದೆ. ಕಂಪನಿ ಮುಚ್ಚಿಟ್ಟಿದೆ. ಇದು ಗಾಳಿಸುದ್ದಿಯಲ್ಲ, ಅಂಗಡಿಯವನೇ ನನಗೆ ಹೇಳಿದ್ದು, ನನ್ನ ಹೆಂಡತಿಯ ತಮ್ಮ. ಗಿರಾಕಿಗಳು ಪುಟ್ಟುವನ್ನು ಒಂದು ಥರ ಗೌರವದಿಂದ ನೋಡಿ ಬರಿಗೈಯಲ್ಲಿ ಹೋಗುವರು. ಹಿಂದಿನ ಕೋಣೆಯ ಗೋಡೆ ಮತ್ತೆ ಮರೆಯಾಯಿತು.

ಪುಟ್ಟು ಸುಳ್ಳಿಗೆ ತೇಪೆ ಹಾಕಲು ನೋಡಿದ. "ಭಾವ, ಆ ದೋಷ ಸರಿಮಾಡಿದ್ದಾರಂತೆ. ಈಗ ಬಿಸಿ ಆಗಲ್ಲ."

"ಹೌದಾ?" ಭಾವ ಗಲ್ಲ ಕೆರೆದುಕೊಂಡರು. "ಹಾಗಾದ್ರೆ ಸರಿಯಾಗಿದೆಯೋ ಇಲ್ಲವೋ ಗೊತ್ತಾಗೋವರೆಗೂ ಜನ ತಡೆಯೋದು ಒಳ್ಳೇದು."

ಅವನು ಅಕ್ಕನ ಮನೆಗೆ ಹೋಗಿ ಅಂಗಲಾಚಿದ. ಅಕ್ಕ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಭಾವನನ್ನು ಸಂಜೆ ಹೊತ್ತು ಸ್ವಲ್ಪ ದಿನ ಮನೆಯಲ್ಲೇ ಇಟ್ಟುಕೋ ಎಂದು ಕೇಳಿದಾಗ ಅವಳು ತಲೆಯನ್ನೂ ಎತ್ತಲಿಲ್ಲ.

"ಮನೇಲಿ ಇಟ್ಕೊಳ್ಳೋಕೆ ಆಗಿದ್ರೆ ನಿನ್ನ ಅಂಗಡಿಗೆ ಯಾಕೋ ಕಳಿಸ್ತಿದ್ದೆ?"

ಹಾಗಾದರೆ ಆ ಕುರ್ಚಿಯ ಹಿಂದೆ ಅಕ್ಕನ ಕೈ ಇತ್ತು. ಪುಟ್ಟು ಬಂದ ದಾರಿಗೆ ಸುಂಕವಿಲ್ಲದವನಂತೆ ಹಿಂದಿರುಗಿದ.

ಅದಾಗಿ ಸ್ವಲ್ಪ ದಿನಕ್ಕೆ ಊರಿನ ಮದುವೆಗಳನ್ನೆಲ್ಲ ಗುತ್ತಿಗೆ ಹಿಡಿದಂತಿದ್ದ ಫೋಟೋಗ್ರಾಫರ್ ಬಂದ. ಅವನಿಗೆ ಹೊಸ ಮಾಡೆಲ್ಲೇ ಬೇಕಿತ್ತು, ಅದೂ ಒಂದಲ್ಲ, ಮೂರು. ಪುಟ್ಟು ಉಸಿರು ಬಿಗಿಹಿಡಿದು ಪೆಟ್ಟಿಗೆ ಬಿಚ್ಚಿದ. ಕುರ್ಚಿ ಕಿರ್ ಎಂದಿತು.

"ಮದುವೆ ಮನೇಲಿ ದಿನವಿಡೀ ಹಿಡ್ಕೊಂಡಿರೋರು ನೀವು. ಕೈ ಸುಟ್ಕೋಬೇಡಿ," ಭಾವ ಹೇಳಿದರು.

"ನಾನು ವಿಚಾರಿಸಿದ್ದೀನಿ ಸಾರ್. ಹಂಗೇನೂ ಇಲ್ಲ ಅಂತಾರೆ."

"ಅಂತಾರೆ. ಬೇಕಿದ್ರೆ ಇವನನ್ನೇ ಕೇಳಿ. ಇವನು ನನ್ನ ಕೈಲಿ ಬೆಳೆದ ಹುಡುಗ. ನನಗೆ ಸುಳ್ಳು ಹೇಳ್ತಾನಾ?"

ಇಬ್ಬರೂ ಪುಟ್ಟುವನ್ನು ನೋಡಿದರು. ಬಿಚ್ಚಿದ ಪೆಟ್ಟಿಗೆ ಅವನ ಕೈಯಲ್ಲಿತ್ತು. ಕೈ ಸುಡುತ್ತದೆ ಎಂದರೆ ವ್ಯಾಪಾರ ಹೋಯಿತು, ಇಲ್ಲ ಎಂದರೆ ಭಾವ ಹೋದರು. ಅವನು ಕ್ಯಾಮೆರಾದ ಪ್ಲಾಸ್ಟಿಕ್ ಹೊದಿಕೆಯನ್ನು ಬೆರಳಿಂದ ನೀವುತ್ತ ನಿಂತ.

"ಹೇಳಿದ್ದೆ ಭಾವ."

"ಏನು ಹೇಳಿದ್ದೆ?"

"ಸುಳ್ಳು. ಡೀಲರು ಫೋನ್ ಮಾಡಿರಲಿಲ್ಲ."

ಭಾವ ಎದ್ದರು. ಕೂಗಾಡಲಿಲ್ಲ. ಕೊರಳಲ್ಲಿದ್ದ ಕ್ಯಾಮೆರಾದ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಒತ್ತಿ ನೋಡಿ, ಗಾಜಿನ ಬಾಗಿಲು ತಳ್ಳಿಕೊಂಡು ಹೊರಗೆ ಹೋದರು. ಅವರು ಬೀದಿ ದಾಟುವಾಗ ಎರಡೂ ಕಡೆ ನೋಡಲಿಲ್ಲ ಎಂಬುದು ಪುಟ್ಟುವಿಗೆ ಕಾಣಿಸಿತು. ಅಷ್ಟು ಜಾಗರೂಕ ಮನುಷ್ಯ.

ಫೋಟೋಗ್ರಾಫರ್ ಸಹಾನುಭೂತಿಯಿಂದ ಕೆಮ್ಮಿದ. ಆಮೇಲೆ ಅದೇ ಸಹಾನುಭೂತಿಯಿಂದ, ಸುಳ್ಳು ಹೇಳುವ ಅಂಗಡಿ ಎಂದು ಗೊತ್ತಾದ ಮೇಲೂ ತಾನು ಕೊಳ್ಳುತ್ತಿರುವುದರಿಂದ ಮೂರು ಬ್ಯಾಗುಗಳನ್ನು ಪುಕ್ಕಟೆ ಕೊಡಬೇಕೆಂದು ಕೇಳಿದ. ಪುಟ್ಟು ಕೊಟ್ಟ.

ಕುರ್ಚಿ ಖಾಲಿಯಾಯಿತು. ಇನ್ನು ವ್ಯಾಪಾರ ಹೊಳೆಯಾಗಿ ಹರಿಯಬೇಕಿತ್ತು. ಗಿರಾಕಿಗಳು ಬಂದರು, ನೋಡಿದರು, ಬೆಲೆ ಕೇಳಿದರು, "ಯೋಚನೆ ಮಾಡಿ ಬರ್ತೀವಿ" ಎಂದು ಹೋದರು. ಕಾಯುವುದನ್ನು ಜನರಿಗೆ ಯಾರೂ ಕಲಿಸಬೇಕಾಗಿಲ್ಲ, ಅವರು ಸ್ವಂತವಾಗಿಯೇ ಅದರಲ್ಲಿ ನಿಪುಣರು ಎಂದು ಪುಟ್ಟುವಿಗೆ ತಿಳಿಯಿತು. ಇಷ್ಟು ದಿನ ಬೈಯಲು ಒಬ್ಬರಾದರೂ ಇದ್ದರು. ಸಂಜೆ ಅವನು ಅಭ್ಯಾಸಬಲದಿಂದ ಎರಡು ಚಹಾ ತರಿಸುವನು. ಎರಡನ್ನೂ ತಾನೇ ಕುಡಿದು ಹೊಟ್ಟೆ ಉರಿಸಿಕೊಳ್ಳುವನು.

ಅಕ್ಕನ ಫೋನು ಬಂತು. "ಏನೋ ಮಾಡಿದ್ದೀಯ ನೀನು ಇವರಿಗೆ? ಬಂದು ನೋಡು," ಎಂದಷ್ಟೇ ಹೇಳಿದಳು.

ಭಾವ ಹಾಸಿಗೆ ಹಿಡಿದಿದ್ದಾರೆಂದೇ ಹೆದರಿ ಪುಟ್ಟು ಅಂಗಡಿ ಮುಚ್ಚಿ ಓಡಿದ. ಭಾವ ಅಡುಗೆಮನೆಯ ಬಾಗಿಲಲ್ಲಿ ಒಂದು ಕಾಲು ಮಡಿಸಿ, ಕ್ಯಾಮೆರಾ ಕಣ್ಣಿಗೆ ಹಿಡಿದು ಕೂತಿದ್ದರು. ಒಳಗೆ ಅಕ್ಕ ಪಾತ್ರೆ ತೊಳೆಯುತ್ತಿದ್ದಳು.

"ಅಲ್ಲಾಡಬೇಡ ಅಂದ್ನಲ್ಲ," ಭಾವ ಅಂದರು.

"ಅಲ್ಲಾಡದೆ ಪಾತ್ರೆ ತೊಳೆಯೋದು ಹೇಗೆ ಅಂತ ನೀವೇ ತೋರಿಸಿ," ಅಕ್ಕ ಅಂದಳು.

ಅಂಗಡಿ ಬಿಟ್ಟು ಬಂದ ದಿನದಿಂದ ಅವರು ಯಾರೊಂದಿಗೂ ಮಾತಾಡದೆ ಫೋಟೋ ತೆಗೆಯುತ್ತಿದ್ದರಂತೆ. ಅಲ್ಲಿಯವರೆಗೆ ಒಂದನ್ನೂ ತೆಗೆದಿರಲಿಲ್ಲ. ಹೊಗಳುವುದರಲ್ಲೇ ಸಮಯ ಸರಿಹೋಗುತ್ತಿತ್ತು. ಭಾವ ಪುಟ್ಟುವನ್ನು ನೋಡಿದರು. ಮುಖ ಬಿಗಿಯಾಗಿಯೇ ಇತ್ತು.

"ಕ್ಯಾಮೆರಾ ಚೆನ್ನಾಗಿದೆ," ಎಂದರು. "ನೀನು ಚೆನ್ನಾಗಿಲ್ಲ."

"ಹೌದು ಭಾವ. ತಪ್ಪಾಯ್ತು."

"ಬೇಡ ಅಂತ ಒಂದು ಮಾತು ಹೇಳಿದ್ರೆ ನಾನು ಬರ್ತಿರಲಿಲ್ಲ. ಅದಕ್ಕೊಂದು ಸುಳ್ಳು ಬೇಕಾಗಿತ್ತೇನೋ?"

ಭಾವ ಸ್ವಲ್ಪ ಹೊತ್ತು ಪುಟ್ಟುವನ್ನು ಊರ ಹೊರಗಿನ ಸಿಗ್ನಲ್ಲಿನಲ್ಲಿ ನಿಂತ ರೈಲಿನಂತೆ ಹಾಗೆಯೇ ನಿಲ್ಲಿಸಿ, ಆಮೇಲೆ ಪಕ್ಕಕ್ಕೆ ಸರಿದು ಕೂರಲು ಜಾಗ ಕೊಟ್ಟರು. ತೆಗೆದ ಫೋಟೋಗಳನ್ನು ಒಂದೊಂದಾಗಿ ತೋರಿಸಿದರು. ಹೆಚ್ಚಿನವು ಮಸುಕು. ಕೆಲವುಗಳಲ್ಲಿ ಅಕ್ಕನ ಮೊಣಕೈ ಮಾತ್ರ ಇತ್ತು. ಒಂದರಲ್ಲಿ ಅವಳು ಕಿಟಕಿಯ ಬೆಳಕಿಗೆ ಮುಖ ಮಾಡಿ, ಯಾವುದಕ್ಕೋ ನಗು ತಡೆದುಕೊಳ್ಳುತ್ತಿದ್ದಳು. ಅದು ಮಾತ್ರ ಅದ್ಭುತವಾಗಿ ಬಂದಿತ್ತು. ಅಕ್ಕನಿಗೆ ಇಷ್ಟು ನರೆ ಬಂದಿದೆ ಎಂಬುದನ್ನು ಪುಟ್ಟು ಅದರಲ್ಲಿ ನೋಡಿ ತಿಳಿದ.

"ಮದುವೆಯಾದಾಗಿನಿಂದ ನನ್ನ ಕಡೆ ಇಷ್ಟು ಹೊತ್ತು ನೋಡಿದ್ದು ಇದೇ ಮೊದಲು," ಅಕ್ಕ ಕೈ ಒರೆಸಿಕೊಳ್ಳುತ್ತ ಹೇಳಿದಳು. "ಅದೂ ಫೋಕಸ್ ಸಿಗ್ತಿಲ್ಲ ಅಂತ."

ಆದರೂ ಸೆರಗಿನಲ್ಲಿ ಮುಖ ಒರೆಸಿಕೊಂಡು, ಕಿಟಕಿಯ ಹತ್ತಿರವೇ ಹೋಗಿ ನಿಂತಳು.

ಮರುದಿನ ಪುಟ್ಟುವೇ ಹೋಗಿ ಭಾವನನ್ನು ಕರೆದುಕೊಂಡು ಬಂದ. ಅವರು ಕುರ್ಚಿಯಲ್ಲಿ ಕೂತು ಚಹಾ ಮುಗಿಸುವ ಹೊತ್ತಿಗೆ ಹೊಸದಾಗಿ ಮದುವೆಯಾದವರಂತಿದ್ದ ಇಬ್ಬರು ಒಳಗೆ ಬಂದು ಹೊಸ ಮಾಡೆಲನ್ನು ಕೇಳಿದರು. ಪುಟ್ಟು ಭಾವನ ಕಡೆ ಕಳ್ಳನೋಟ ಬೀರಿದ. ಭಾವ ಅವರಿಬ್ಬರನ್ನೂ ಬಾಯಿ ತುಂಬ ಕರೆದರು.

"ಬನ್ನಿ ಬನ್ನಿ. ಯಾವುದಾದ್ರೂ ತಗೊಳ್ಳಿ, ನಾನು ಏನೂ ಹೇಳಲ್ಲ. ಮೊದಲು ಇವನ್ನ ನೋಡಿ. ಇದು ನನ್ನ ಹೆಂಡತಿ, ಕಿಟಕಿ ಹತ್ತಿರ. ಇದು ಅದೇ ಕಿಟಕಿ, ಅವಳು ಎದ್ದು ಹೋದ ಮೇಲೆ. ಇದು ಕೊಡ. ಇದೂ ಕೊಡ, ಆದ್ರೆ ಬೆಳಕು ಬೇರೆ, ಗಮನಿಸಿದ್ರಾ?"

ಗಂಡ ಗಮನಿಸಿದೆನೆಂದ. ಹೆಂಡತಿ ಎಣಿಕೆ ಮೀರಿದ ಕೊಡಗಳು ಇನ್ನೂ ಬರಲಿವೆಯೆಂದು ಬೇಗನೆ ಅರ್ಥ ಮಾಡಿಕೊಂಡಳು. ಬೆಲೆ ಕೇಳಲಿಲ್ಲ, ಚೌಕಾಸಿ ಮಾಡಲಿಲ್ಲ, ಯೋಚನೆ ಮಾಡಿ ಬರುತ್ತೇನೆ ಎನ್ನಲೂ ಇಲ್ಲ. ಕೌಂಟರಿನ ಹತ್ತಿರ ಬಂದು, "ಸ್ವಲ್ಪ ಅರ್ಜೆಂಟಿದೆ ಅಣ್ಣ, ಒಂದು ಪ್ಯಾಕ್ ಮಾಡಿ ಬಿಲ್ ಕೊಟ್ಬಿಡಿ," ಎಂದಳು.

ಪುಟ್ಟು ಕನ್ನಡಕ ಹಾಕಿಕೊಂಡು, ಯಾವ ಅವಸರವೂ ಇಲ್ಲದೆ ಬಿಲ್ಲು ಬರೆಯಲು ಕೂತ.