ಎರಡು ಒತ್ತಿನ ಹೆಸರು

ಹುಚ್ಚಣ್ಣನಿಗೆ ಬರೆಯಲು ಬರುವುದು ಒಂದೇ ಮಾತು, ತನ್ನ ಹೆಸರು. ಮೂರೇ ಅಕ್ಷರ, ಅದರಲ್ಲಿ ಎರಡಕ್ಕೆ ಒತ್ತು. ನಲವತ್ತನೆಯ ವಯಸ್ಸಿನಲ್ಲಿ, ತೋಟದ ಆಳುಗಳ ಲೈನ್ ಮನೆಗಳ ಪಕ್ಕ ದೊಡ್ಡವರಿಗೆಂದು ನಡೆಸುತ್ತಿದ್ದ ಶಾಲೆಯಲ್ಲಿ ಕೂತು, ಗ್ರೀಸು ಬಿಡದ ಬೆರಳುಗಳಲ್ಲಿ ಬಳಪ ಹಿಡಿದು ಎರಡು ತಿಂಗಳು ತಿದ್ದಿದ್ದ. ಚಕಾರದ ಒತ್ತು ಬೇಗ ಕೂತಿತು. ಣಕಾರದ ಒತ್ತು ಮಾತ್ರ ಸ್ಲೇಟಿನ ಅಂಚಿನಿಂದ ಕೆಳಕ್ಕೆ ಜಾರಿ ಜಾರಿ ಹೋಗುತ್ತಿತ್ತು. ಅದೂ ಒಂದು ದಿನ ಕೂತಿತು.

ಆಗ ಅವನು ಹೊಂಗಡಹಳ್ಳದ ಆಚೆಯ ಒಂದು ಎಸ್ಟೇಟಿನಲ್ಲಿ ಪಲ್ಪರ್ ಮನೆಯ ಆಳು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಆ ಮಷೀನಿನ ಸದ್ದು ಕೇಳಿಯೇ ಯಾವ ಬೋಲ್ಟು ಸಡಿಲವಾಗಿದೆ ಎಂದು ಹೇಳುತ್ತಿದ್ದ. ರೈಟರ್ ಪರಮಶಿವಯ್ಯನ ಹಾಜರಿ ಪುಸ್ತಕದಲ್ಲಿ ಅವನ ಹೆಸರು 'ಹುಚ್ಚ' ಎಂದಷ್ಟೇ ಇತ್ತು. ಬೆಳಿಗ್ಗೆ ಹಾಜರಿ ಕೂಗುವಾಗ ರೈಟರ್ "ಹುಚ್ಚ!" ಎಂದು ಕೂಗಿ ಒಂದು ಗಳಿಗೆ ನಿಲ್ಲಿಸುತ್ತಿದ್ದ, ಸಾಲಿನವರು ನಗಲಿ ಎಂದು. ಹತ್ತೊಂಬತ್ತು ವರ್ಷ ನಕ್ಕರು.

ಆಮೇಲೆ ಹಣ್ಣು ಸುರಿಯುವ ಹುಡುಗಿ ಪುಷ್ಪಾಳ ಕೈ ಮಷೀನಿನ ಬೆಲ್ಟಿಗೆ ಸಿಕ್ಕಿತು. ಬೆಲ್ಟಿನ ಮೇಲಿನ ತಗಡಿನ ಮುಚ್ಚಳ ಬಿಚ್ಚಿ ಇಟ್ಟಿದ್ದಾಗ ಮಷೀನ್ ಚಾಲೂ ಮಾಡುವುದು ಬೇಡ ಎಂದು ಹುಚ್ಚಣ್ಣ ಎರಡು ಸಲ ಹೇಳಿದ್ದ. "ಹಣ್ಣು ಹುಳಿ ಬತ್ತೈತೆ, ಹಾಕೋ ನೀನು" ಎಂದವನು ರೈಟರ್. ಹುಡುಗಿಯ ಎರಡು ಬೆರಳು ಹೋದವು. ಸಂಜೆಯೊಳಗೆ ಒಂದು ಕಾಗದ ತಯಾರಾಯಿತು.

"ಓದಿ ಹೇಳಿ ರೈಟ್ರೇ, ಒಂಚೂರು ಟೈಮ್ ಕೊಡಿ. ಸೈನೂ ಮಾಡ್ತೀನಿ, ಈಗ ಬತ್ತೈತೆ ನಂಗೆ" ಎಂದಿದ್ದ ಹುಚ್ಚಣ್ಣ.

"ನಿನ್ನ ಹೆಸರಲ್ಲಿ ಎರಡು ಒತ್ತು ಐತೆ ಕಣೋ, ನೀನು ಬರೆಯೋ ಹೊತ್ಗೆ ಬೆಳಗಾಯ್ತದೆ. ನಿಂಗೆ ಗೊತ್ತಿರೋ ಒತ್ತು ಒಂದೇ. ಒತ್ತು ಅದನ್ನ" ಎಂದು ರೈಟರ್ ಅವನ ಹೆಬ್ಬೆಟ್ಟು ಹಿಡಿದು ಶಾಯಿಗೆ ತಾಗಿಸಿ ಕಾಗದಕ್ಕೆ ಅಮುಕಿದ.

ಕುಡಿದು ಬಂದು ಹೇಳದೆ ಕೇಳದೆ ಮಷೀನ್ ಚಾಲೂ ಮಾಡಿದೆ, ತಪ್ಪು ನನ್ನದೇ ಎಂದು ಆ ಕಾಗದದಲ್ಲಿತ್ತಂತೆ. ಮಾರನೆಯ ಮಧ್ಯಾಹ್ನ ಹುಚ್ಚಣ್ಣ ಹೆಂಡತಿಯನ್ನೂ ಮೂರು ವರ್ಷದ ಮಗಳು ಸುಚಿತ್ರಾಳನ್ನೂ ಕರೆದುಕೊಂಡು ಲೈನು ಬಿಟ್ಟು ಕುಂದೂರಿನ ಬಸ್ಸು ಹತ್ತಿದ. ಹುಟ್ಟಿದಂದಿನಿಂದ ಹೆಂಡದ ವಾಸನೆ ನೋಡದವನು ಕುಂದೂರು ತಲುಪುವ ಹೊತ್ತಿಗೆ ಕುಡುಕನೆಂದು ಹೆಸರಾಗಿದ್ದ. ಪುಷ್ಪಾಳ ಅಪ್ಪ ಬಸ್ಸಿನಲ್ಲಿ ಎದುರು ಸಿಕ್ಕವನು ಕ್ಯಾಕರಿಸಿ ಉಗಿದ.

ಇದೆಲ್ಲ ಮೂವತ್ತೊಂದು ವರ್ಷದ ಹಿಂದಿನದು. ಹುಚ್ಚಣ್ಣ ಯಾರಿಗೂ ಹೇಳುತ್ತ ಕೂರಲಿಲ್ಲ. ಮರೆಯಲೂ ಇಲ್ಲ. ಹೆಬ್ಬೆರಳ ಶಾಯಿ ಮೂರು ದಿನಕ್ಕೆ ಹೋಯಿತು, ಆದರೆ ಸ್ನಾನ ಮಾಡುವಾಗ ಇವತ್ತಿಗೂ ಅವನು ಆ ಬೆರಳನ್ನು ಎರಡು ಸಲ ಉಜ್ಜುತ್ತಾನೆ.

ಸುಚಿತ್ರಾ ಈಗ ಆಲೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾಳೆ. ಹುಚ್ಚಣ್ಣ ದಿನವೂ ಹತ್ತು ಗಂಟೆಯ ಬಸ್ಸಿಗೆ ಬಂದು ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಾನೆ. ಸ್ಕ್ರೂಗಳನ್ನು ಡಬ್ಬಿಗಳಲ್ಲಿ ವಿಂಗಡಿಸುವುದು ಅವನ ಕೆಲಸ. ಒಂದೂ ಕಳೆದದ್ದಿಲ್ಲ.

ಆ ಸೋಮವಾರ ಆಟೋದಿಂದ ಇಳಿದು, ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬಂದ ಮುದುಕನ ಹಣೆಯ ಮೇಲೆ ವಿಭೂತಿ ಇತ್ತು, ಕಂಕುಳಲ್ಲಿ ಲ್ಯಾಪ್‌ಟಾಪಿನ ಚೀಲ. ಕೈ ನಡುಗುತ್ತಿತ್ತು. ಹುಚ್ಚಣ್ಣ ಮುಖ ನೋಡುವ ಮೊದಲೇ ದನಿಯಿಂದ ಗುರುತು ಹಿಡಿದ.

"ಏನಮ್ಮ, ಹಾಸನದ ಅಂಗಡಿಯವರು ಇದು ಸತ್ತೋಯ್ತು ಅಂದುಬಿಟ್ರು. ನಾಕು ವರ್ಷದಿಂದ ಪುಸ್ತಕ ಬರೀತಿದೀನಿ ಇದ್ರಲ್ಲಿ. ನನ್ನ ತೋಟದ ನೆನಪುಗಳು. ಮುಂದಿನ ತಿಂಗಳು ಪ್ಲಾಂಟರ್‌ಗಳೆಲ್ಲ ಸೇರಿ ಬಿಡುಗಡೆ ಮಾಡ್ತೀವಿ ಅಂದವ್ರೆ."

"ಹೆಸರು ಸರ್?"

"ಪರಮಶಿವಯ್ಯ, ಊರು ಕೆ. ಹೊಸಕೋಟೆ. ರಿಟೈರ್ಡ್ ಎಸ್ಟೇಟ್ ರೈಟರ್."

ಸುಚಿತ್ರಾ ತಲೆ ಎತ್ತಲಿಲ್ಲ. ರಿಪೇರಿ ಪುಸ್ತಕದಲ್ಲಿ ಪೆನ್ನು ಮಾತ್ರ ಒಂದು ಕ್ಷಣ ನಿಂತು ಮತ್ತೆ ಓಡಿತು. ಆ ಹೆಸರು ಮನೆಯಲ್ಲಿ ಅವಳು ಕೇಳಿದ್ದು ಒಂದೇ ಸಲ, ಅಮ್ಮನ ಬಾಯಲ್ಲಿ.

"ಫೈಲ್ ತೆಗೆದುಕೊಡ್ತೀನಿ ಸರ್. ಈ ಹಳೇ ಮಷೀನಿಗೆ ಲಿನಕ್ಸ್ ಅನ್ನೋ ಬೇರೆ ಸಿಸ್ಟಮ್ ಹಾಕಿದ್ರೆ ಹಗುರಾಗಿ ಓಡುತ್ತೆ."

"ಏನಾದ್ರೂ ಹಾಕು. ನಂಗೆ ಒಂದೇ. ಹೆಬ್ಬೆಟ್ಟು ಇಟ್ರೆ ತೆಗೀಬೇಕು. ಮಗ ಹಾಗೆ ಮಾಡಿಕೊಟ್ಟಿದ್ದ. ಪಾರ್ಶ್ವವಾಯು ಹೊಡೆದ ಮೇಲೆ ಪಾಸ್‌ವರ್ಡು ಗೀಸ್‌ವರ್ಡು ಒತ್ತೋಕೆ ಪ್ರಾಣ ಹೋಗುತ್ತೆ. ಅದು ಏನಾದ್ರೂ ಇಟ್ಕೊ ನೀನೇ." ಹೊರಡುವಾಗ ಮೂಲೆಯ ಕಡೆ ನೋಡಿದ. "ಯಜಮಾನ್ರು ಯಾರು?"

"ನಮ್ಮಪ್ಪ."

"ಒಳ್ಳೇದು, ಒಳ್ಳೇದು" ಎಂದು ಹೋದ. ಗುರುತು ಸಿಗಲಿಲ್ಲ. ಹತ್ತೊಂಬತ್ತು ವರ್ಷ ದಿನವೂ ಬೆಳಿಗ್ಗೆ ಕೂಗಿದ ಆಳಿನ ಮುಖ ಅವನಿಗೆ ನೆನಪಿಲ್ಲ, ಪುಸ್ತಕದ ಹೆಸರು ಮಾತ್ರ ನೆನಪುಗಳು. ಹುಚ್ಚಣ್ಣ ಕೈಯಲ್ಲಿದ್ದ ಸ್ಕ್ರೂವನ್ನು ಅದರ ಡಬ್ಬಿಗೇ ಹಾಕಿದ.

ಕೆಲಸ ಸುಲಭಕ್ಕೆ ಬಗ್ಗಲಿಲ್ಲ. ಪೆನ್‌ಡ್ರೈವಿನಿಂದ ಲಿನಕ್ಸ್ ಶುರುವಾಯಿತು, ಆದರೆ ಲ್ಯಾಪ್‌ಟಾಪಿನಲ್ಲಿ ಡಿಸ್ಕೇ ಇಲ್ಲ ಎಂದಿತು.

"ಒಳಗೆ ಐತಲ್ಲ ಡಿಸ್ಕು?" ಎಂದ ಹುಚ್ಚಣ್ಣ.

"ಐತೆ ಅಪ್ಪ. ಹಳೇ ಸಿಸ್ಟಮ್ಮಿಗೆ ಹೊಂದೋ ಹಾಗೆ ಕಟ್ಟಿಟ್ಟವ್ರೆ. ಇದ್ರ ಕಣ್ಣಿಗೆ ಬೀಳ್ತಿಲ್ಲ."

"ಇರೋನ್ನ ಇಲ್ಲ ಅನ್ನೋ ಮಷೀನು" ಎಂದು ಹುಚ್ಚಣ್ಣ ಮೂಗಿನಲ್ಲಿ ನಕ್ಕ. "ಯಜಮಾನನ ಥರಾನೇ."

ಮಷೀನ್ ಶುರುವಾಗುವ ಮೊದಲೇ ಒಂದು ಕೀಲಿ ಒತ್ತಿ ಹಿಡಿದು ಸುಚಿತ್ರಾ ಒಳಗಿನ ಸೆಟ್ಟಿಂಗ್ ಬದಲಾಯಿಸಿದಳು. ಡಿಸ್ಕು ಕಂಡಿತು. ಪರಮಶಿವಯ್ಯನ ಫೈಲುಗಳನ್ನೆಲ್ಲ ಬೇರೆ ಕಡೆ ಜೋಪಾನ ಮಾಡಿ ಲಿನಕ್ಸ್ ಕೂರಿಸಿದಳು. ಆಗ ವೈಫೈ ಇಲ್ಲ. ವೈಫೈ ಚಿಪ್ಪಿಗೆ ಬೇಕಾದ ಡ್ರೈವರ್ ಎಂಬ ತಂತ್ರಾಂಶ ತರಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ವೈಫೈ ಬೇಕು. ಕೊನೆಗೆ ತನ್ನ ಫೋನನ್ನೇ ಕೇಬಲ್ಲಿನಲ್ಲಿ ಕಟ್ಟಿ ಇಳಿಸಿಕೊಂಡಳು. ಮಂಗಳವಾರ ಅದಕ್ಕೇ ಹೋಯಿತು. ಹೆಬ್ಬೆಟ್ಟಿನ ಪಟ್ಟಿ, ಕೀಲಿಮಣೆಯ ಬಲಕ್ಕೆ ಉಗುರಿನಷ್ಟು ಅಗಲದ ಕಪ್ಪು ಚೌಕ, ಅದು ಮಾತ್ರ ಸತ್ತಂತೆ ಬಿದ್ದಿತ್ತು. ಅದರ ನಂಬರು ಹಿಡಿದು ಇಂಟರ್ನೆಟ್ಟಿನಲ್ಲಿ ಹುಡುಕಿದಳು. ಎಲ್ಲೆಲ್ಲಿಯವರೋ ಇದೇ ಪಟ್ಟಿಯ ಮುಂದೆ ತಲೆ ಚಚ್ಚಿಕೊಂಡು ಬರೆದಿದ್ದರು. ಒಬ್ಬ ಪುಣ್ಯಾತ್ಮ ಮಾತ್ರ ದಾರಿ ಕಂಡುಕೊಂಡು ಅದನ್ನೂ ಬರೆದಿಟ್ಟಿದ್ದ. ಗುರುವಾರ ಊಟದ ಹೊತ್ತಿಗೆ ಸುಚಿತ್ರಾ ತನ್ನ ಹೆಬ್ಬೆರಳು ಇಟ್ಟಳು, ಪಟ್ಟಿಯ ಅಂಚಿನಲ್ಲಿ ಹಸಿರು ಬೆಳಕು ಮಿನುಗಿ ಪರದೆ ತೆರೆಯಿತು.

"ಆಯ್ತು!" ಎಂದು ಕುರ್ಚಿಯನ್ನು ಗಿರ್ರನೆ ತಿರುಗಿಸಿದಳು.

ಹುಚ್ಚಣ್ಣ ಆ ಹಸಿರು ಬೆಳಕನ್ನೇ ನೋಡುತ್ತಿದ್ದ.

"ಸುಚಿ, ಆ ಪುಸ್ತಕದಾಗೆ ನನ್ನ ಹೆಸರು ಐತಾ ನೋಡು."

"ಗಿರಾಕಿ ಫೈಲು ಓದಬಾರ್ದು ಅಪ್ಪ. ತಪ್ಪು."

"ಓದಬ್ಯಾಡ ಕಣವ್ವ. ಹುಡುಕು ಅಷ್ಟೆ."

ಅವಳು ಪುಸ್ತಕದ ಫೈಲು ತೆಗೆದಳು. ಆಮೇಲೆ 'ಹುಚ್ಚಣ್ಣ' ಎಂದು ಬರೆದು ಹುಡುಕಿದಳು. ಇಲ್ಲ. ಕೊನೆಯ ಅಕ್ಷರ ಅಳಿಸಿ ಮತ್ತೆ ಹುಡುಕಿದಳು. ನೂರಾ ಹದಿನಾರನೆಯ ಪುಟದಲ್ಲಿ ಒಂದು ಕಡೆ ಹಳದಿ ಬಣ್ಣ ಕೂತಿತು. ಸುಚಿತ್ರಾ ಆ ಸಾಲು ನೋಡಿ ಲ್ಯಾಪ್‌ಟಾಪ್ ಮುಚ್ಚಹೋದಳು.

"ಓದು."

"ಬ್ಯಾಡ ಅಪ್ಪ."

"ಓದವ್ವ. ಅವತ್ತೂ ನಂಗೆ ಯಾರೂ ಓದಿ ಹೇಳ್ಲಿಲ್ಲ."

ಅವಳು ಓದಿದಳು. "ಹುಚ್ಚ ಎಂಬ ಹೆಸರಿಗೆ ತಕ್ಕಂತಿದ್ದ ಕುಡುಕ ಆಳೊಬ್ಬ ನನ್ನ ಮಾತು ಮೀರಿ ಮಷೀನು ಚಾಲೂ ಮಾಡಿ, ಪಾಪದ ಹೆಣ್ಣುಮಗಳೊಬ್ಬಳ ಬೆರಳು ಕಳೆದ. ಅವನನ್ನು ಪೊಲೀಸರಿಗೆ ಕೊಡದೆ ಬಿಟ್ಟು ಕಳಿಸಿದ್ದು ನನ್ನ ಕರುಣೆ."

ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಸಕಲೇಶಪುರ, ಸಕಲೇಶಪುರ ಎಂದು ಕೂಗುತ್ತಿದ್ದ. ಆ ಬಸ್ಸು ಹೊರಟುಹೋಯಿತು.

"ಒಂದು ಗುಂಡಿ ಒತ್ತಿದ್ರೆ ಸಾಕು ಅಪ್ಪ" ಎಂದಳು ಸುಚಿತ್ರಾ ತಗ್ಗಿದ ದನಿಯಲ್ಲಿ. "ನಾಕು ವರ್ಷದ್ದೂ ಹೋಗ್ಬುಡುತ್ತೆ. ಹಾಸನದವ್ರು ಸತ್ತೋಗೈತೆ ಅಂತ ಮೊದ್ಲೇ ಹೇಳವ್ರೆ. ಯಾರೂ ನನ್ನ ಕೇಳಲ್ಲ."

ಹುಚ್ಚಣ್ಣನ ಎದೆಯೊಳಗೆ ಮೂವತ್ತೊಂದು ವರ್ಷದಿಂದ ಸದ್ದಿಲ್ಲದೆ ತಿರುಗುತ್ತಿದ್ದ ಬೆಲ್ಟು ಆ ಗುಂಡಿಯ ಕಡೆಗೆ ಎಳೆಯಿತು. ಅವನು ತನ್ನ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಹಿಡಿದುಕೊಂಡ.

"ಬ್ಯಾಡ. ಅಳಿಸಿದ್ರೆ ಮಷೀನು ಕೆಟ್ಟೋಯ್ತು ಅಂತ ಅಳ್ತಾನೆ. ಹುಚ್ಚಣ್ಣ ಅಂತ ಒಬ್ಬ ಇದ್ದ ಅಂತ ಅವ್ನಿಗೆ ಗೊತ್ತಾಗೋದು ಯಾವಾಗ?" ಮತ್ತೆ ಕೇಳಿದ. "ಆ ಪಾಸ್‌ವರ್ಡು ಅಂತಾರಲ್ಲ, ಅದು ಏನು ಇಟ್ಟಿದೀಯ?"

"ಸದ್ಯಕ್ಕೆ ಒಂದು ಎರಡು ಮೂರು ನಾಕು. ಯಾಕೆ?"

"ನನ್ನ ಹೆಸರು ಇಡು."

ಸುಚಿತ್ರಾ ಅಪ್ಪನನ್ನು ನೋಡಿದಳು. "ಇಂಗ್ಲಿಷ್ ಅಕ್ಷರದಾಗೆ ಇಡ್ಬೇಕು. ಹತ್ತು ಅಕ್ಷರ ಆಗುತ್ತೆ."

"ಮೂರು ಬರಿಯೋಕೆ ಬಿಡ್ಲಿಲ್ಲ, ಹತ್ತು ಒತ್ಲಿ. ಆ ಹಸಿರು ಬೆಳಕು ತೆಗೆದಾಕು."

ಇದಕ್ಕೆ ಅವಳು ತಕ್ಷಣ ಒಪ್ಪಲಿಲ್ಲ. ಆಗಿಲ್ಲ ಎಂದು ಅವಳು ಯಾವ ಮಷೀನನ್ನೂ ವಾಪಸ್ ಕೊಟ್ಟವಳಲ್ಲ, ಈ ಪಟ್ಟಿಗಂತೂ ಒಂದೂವರೆ ದಿನ ಸುರಿದಿದ್ದಳು. ಹಳದಿ ಬಣ್ಣದ ಸಾಲನ್ನು ಇನ್ನೊಮ್ಮೆ ಓದಿದಳು.

"ಬರಲ್ಲ ಅಂತ ಸುಳ್ಳು ಹೇಳಲ್ಲ ಅಪ್ಪ. ಮಾಡಿಕೊಡಲ್ಲ ಅಂತ ಎದುರಿಗೇ ಹೇಳ್ತೀನಿ."

"ಅದೇ ಸರಿ."

ಶನಿವಾರ ಪರಮಶಿವಯ್ಯ ಬಂದ. ಕೂತ ಕೂಡಲೇ ಹೆಬ್ಬೆರಳನ್ನು ಕಪ್ಪು ಚೌಕದ ಮೇಲಿಟ್ಟ. ಏನೂ ಆಗಲಿಲ್ಲ. ಒರೆಸಿ ಮತ್ತೆ ಇಟ್ಟ. ಬಾಯಿಂದ ಊದಿ ಇಟ್ಟ.

"ಹೆಬ್ಬೆಟ್ಟು ತಗೊಳ್ತಿಲ್ವಲ್ಲಮ್ಮ?"

"ತಗೊಳ್ಳುತ್ತೆ ಸರ್. ನಾನೇ ಅದನ್ನ ಬಂದ್ ಮಾಡಿಟ್ಟಿದೀನಿ. ನಿಮ್ಮ ಪುಸ್ತಕ ಪೂರ್ತಿ ಐತೆ, ಒಂದಕ್ಷರ ಆಚೀಚೆ ಆಗಿಲ್ಲ. ಪಾಸ್‌ವರ್ಡ್ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಒಳಕ್ಕೆ ಹೋಗಿ."

"ಏನದು ಪಾಸ್‌ವರ್ಡು?"

"ನನ್ನ ಹೆಸರು" ಎಂದ ಮೂಲೆಯ ಕುರ್ಚಿಯಿಂದ ಹುಚ್ಚಣ್ಣ.

ಮುದುಕ ತಿರುಗಿದ. "ನಿಮ್ಮ ಹೆಸರು ನಂಗೆ ಹೇಗೆ ಗೊತ್ತಾಗ್ಬೇಕು ಯಜಮಾನ್ರೇ?"

"ಗೊತ್ತು ನಿಮ್ಗೆ. ಬೆಳಿಗ್ಗೆ ಏಳು ಗಂಟೆಗೆ ಕೂಗ್ತಿದ್ರಿ. ಕೂಗಿ ಒಂದು ಗಳಿಗೆ ಬುಡ್ತಿದ್ರಿ, ಜನ ನಗ್ಲಿ ಅಂತ."

ಹುಚ್ಚಣ್ಣ ಎದ್ದು ಬಂದು ಮೇಜಿನ ಮೇಲೆ ತನ್ನ ಬಲಗೈ ಹೆಬ್ಬೆರಳನ್ನು ಊರಿ ತೋರಿಸಿದ. ಮುದುಕನ ಕಣ್ಣು ಬೆರಳಿನಿಂದ ಮುಖಕ್ಕೆ, ಮುಖದಿಂದ ಬೆರಳಿಗೆ ಹೋಯಿತು.

"ಪಲ್ಪರ್ ಮನೆ..." ಎಂದ.

"ಹ್ಞೂ. ಒತ್ತಿ ರೈಟ್ರೇ."

"ಹಳೇದೆಲ್ಲ ಈಗ್ಯಾಕೋ ಮಾರಾಯ."

"ಹಳೇದನ್ನ ಬರೀತಿರೋದು ನೀವು. ನಾನಲ್ಲ."

ಪರಮಶಿವಯ್ಯ ಸುಚಿತ್ರಾಳ ಕಡೆ ನೋಡಿದ. ಅವಳು ಕೈಕಟ್ಟಿ ನಿಂತಿದ್ದಳು. ನಡುಗುವ ಬೆರಳು ಕೀಲಿಮಣೆಯ ಮೇಲೆ ಅಲೆದಾಡಿ ಒಂದೊಂದೇ ಅಕ್ಷರ ಹುಡುಕಿತು. ಅಕ್ಷರದ ಬದಲು ಪರದೆಯ ಮೇಲೆ ಒಂದೊಂದೇ ಚುಕ್ಕಿ ಮೂಡಿತು. ಹುಚ್ಚಣ್ಣನಿಗೆ ಇಂಗ್ಲಿಷ್ ಬಾರದು, ಎಣಿಸಲು ಬರುತ್ತದೆ. ಏಳು ಚುಕ್ಕಿಗೆ ಬೆರಳು ನಿಂತಿತು. ಮುದುಕ ದೊಡ್ಡ ಕೀಲಿ ಒತ್ತಿದ. ಚೌಕ ಒಮ್ಮೆ ಅದುರಿ, ತಪ್ಪು ಎಂದು ಎಲ್ಲ ಚುಕ್ಕಿಗಳನ್ನೂ ಅಳಿಸಿಹಾಕಿತು.

"ಅರ್ಧ ಹೆಸರಿಗೆ ಅದು ತೆಗೆಯಲ್ಲ ರೈಟ್ರೇ" ಎಂದ ಹುಚ್ಚಣ್ಣ. "ಹಾಜರಿ ಪುಸ್ತಕದಾಗೆ ನಡೀತಿತ್ತು. ಇದ್ರಲ್ಲಿ ನಡೆಯಲ್ಲ. ಇನ್ನೂ ಮೂರು ಬಾಕಿ ಐತೆ."

"ಎನ್ ಎರಡು ಸಲ ಸರ್, ಕೊನೇಲಿ ಎ" ಎಂದಳು ಸುಚಿತ್ರಾ.

ಮುದುಕ ಮತ್ತೆ ಮೊದಲಿನಿಂದ ಶುರುಮಾಡಿದ. ಐದನೆಯದಕ್ಕೆ ಬೆರಳು ಜಾರಿತು, ಅಳಿಸಿದ. ಹಣೆಯ ವಿಭೂತಿ ಬೆವರಿಗೆ ತೊಯ್ದು ಹುಬ್ಬಿಗೆ ಇಳಿಯಿತು.

"ನಿಧಾನ" ಎಂದ ಹುಚ್ಚಣ್ಣ. "ಬೆಳಗಾಗ್ಲಿ, ಪರವಾಗಿಲ್ಲ. ನಂಗೇನೂ ಅವಸರ ಇಲ್ಲ."

ಎಂಟು. ಒಂಬತ್ತು. ಹತ್ತನೆಯ ಚುಕ್ಕಿಯೂ ಮೂಡಿತು. ಪರದೆ ತೆರೆಯಿತು.

ಯಾರೂ ನಗಲಿಲ್ಲ. ಪರಮಶಿವಯ್ಯ ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡು, ತೆರೆದ ಪರದೆಯನ್ನು ನೋಡದೆ ನೆಲ ನೋಡುತ್ತ ಕೂತ. "ದಿನಾ ಹಿಂಗೆ ಒತ್ಬೇಕಾ?" ಎಂದು ಯಾರನ್ನೂ ನೋಡದೆ ಕೇಳಿದ.

"ನೂರಾ ಹದಿನಾರನೇ ಪುಟ ಸರಿ ಮಾಡಿ ತನ್ನಿ ಸರ್" ಎಂದಳು ಸುಚಿತ್ರಾ. "ಪೂರ್ತಿ ಹೆಸರು ಹಾಕಿ, ಮಷೀನ್ ಹಾಕು ಅಂದವರು ಯಾರು ಅಂತಾನೂ ಹಾಕಿ. ಅವತ್ತೇ ಹೆಬ್ಬೆಟ್ಟು ಸೇರಿಸಿಕೊಡ್ತೀನಿ. ನಿಂತ ನಿಲುವಿನಲ್ಲಿ."

"ಬೇರೆ ಅಂಗಡಿ ಇಲ್ವೇನಮ್ಮ ಈ ತಾಲ್ಲೂಕಲ್ಲಿ?" ಎಂದ ಮುದುಕ. ದನಿಯಲ್ಲಿ ಹಾಜರಿ ಕೂಗಿನ ಹಳೆಯ ಗತ್ತು ಒಂದು ಎಳೆ ಬಂದು ಅಲ್ಲೇ ಮುರಿಯಿತು. ಚೀಲಕ್ಕೆ ಲ್ಯಾಪ್‌ಟಾಪ್ ತುರುಕಿಕೊಂಡು ಗೋಡೆ ಹಿಡಿದು ಇಳಿದುಹೋದ. ಆಟೋ ಹೊರಟಿತು.

ಸುಚಿತ್ರಾ ಕುರ್ಚಿಗೆ ಕುಸಿದಳು. ಹುಚ್ಚಣ್ಣ ಸ್ಕ್ರೂ ಡಬ್ಬಿಗಳ ಮುಂದೆ ಮತ್ತೆ ಕೂತ.

"ಸುಚಿ, ಬೇರೆ ಅಂಗಡಿಗೆ ಹೋದ್ರೆ ಆ ಪಾಸ್‌ವರ್ಡು ಬದಲಾಯಿಸ್ಬೋದಾ?"

"ಬದಲಾಯಿಸ್ಬೋದು ಅಪ್ಪ. ಯಾರು ಬೇಕಾದ್ರೂ ಮಾಡಿಕೊಡ್ತಾರೆ." ಅವಳ ಮುಖದ ಮೇಲೆ ನಗು ತಡವಾಗಿ ಬಂತು. "ಆದ್ರೆ ಏನು ಪಾಸ್‌ವರ್ಡು ಅಂತ ಅವ್ರೂ ಕೇಳ್ತಾರೆ. ಹೊಸದು ಇಡೋಕ್ ಮುಂಚೆ ಹಳೇದನ್ನ ಒಂದ್ಸಲ ಪೂರ್ತಿ ಒತ್ಬೇಕು."

"ಅಂದ್ರೆ ನನ್ನ ಹೆಸರು ತೆಗೀಬೇಕು ಅಂದ್ರೂ..."

"ಹ್ಞೂ. ಹತ್ತೂ ಅಕ್ಷರ. ಬೇರೆಯವ್ರ ಎದುರಿಗೆ."

ಹುಚ್ಚಣ್ಣ ತಲೆಯಾಡಿಸಿದ. ಆಮೇಲೆ ಎದ್ದು ಹೋಗಿ, ಮೇಜಿನ ಮೇಲಿದ್ದ ರಿಪೇರಿ ಪುಸ್ತಕ ತೆಗೆದು, ಪರಮಶಿವಯ್ಯನ ಹೆಸರಿನ ಸಾಲು ಎಲ್ಲಿದೆ ಎಂದು ಮಗಳನ್ನು ಕೇಳಿ, 'ತಲುಪಿಸಿದವರು' ಎಂದಿದ್ದ ಕಡೆ ಪೆನ್ನು ಊರಿ ಬರೆದ. ಒಂದೊಂದೇ ಅಕ್ಷರ, ಎರಡು ಒತ್ತು. ಬರೆದು ಮುಗಿಸಲು ಒಂದು ನಿಮಿಷವೂ ಹಿಡಿಯಲಿಲ್ಲ.