ಎಂಜಲು ಕೈ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನನ್ನ ತಮ್ಮ ಮೌನೇಶನಿಗೆ ಊಟ ತಿಳಿಯದು, ನನಗೆ ಮಾತು ತಿಳಿಯದು. ಇನ್ನು ಏನಾಗಬೇಕೋ ಅದೇ ಆಯಿತು.

ಅವನು ಬಸ್ ಕಂಡಕ್ಟರ್. ಮಾನ್ವಿ ಬಸ್‌ಸ್ಟ್ಯಾಂಡಿನ ಹಿಂದಿನ ಗೋಡೆಗೆ ಹತ್ತಿಕೊಂಡೇ ನನ್ನ ಮನೆ. ದೇವದುರ್ಗದಿಂದ ಸಿರವಾರದ ಮೇಲೆ ಬರುವ ಅವನ ಬಸ್ಸು ಮಧ್ಯಾಹ್ನ ಒಂದಕ್ಕೆ ಇಲ್ಲಿ ಅರ್ಧ ಗಂಟೆ ನಿಂತು ರಾಯಚೂರಿಗೆ ಹೋಗುತ್ತದೆ. ಹನ್ನೆರಡು ವರ್ಷ ಆ ಅರ್ಧ ಗಂಟೆ ನನ್ನದಾಗಿತ್ತು. ಈಗ ಒಂದೂವರೆ ವರ್ಷದಿಂದ ಅವನು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು, ಹೆಂಡತಿ ಕಟ್ಟಿಕೊಟ್ಟ ಡಬ್ಬಿ ಬಿಚ್ಚಿ ಉಣ್ಣುತ್ತಾನೆ. ನಾನು ಬಟ್ಟೆ ಒಣಹಾಕುವ ನೆಪ ಮಾಡಿ ಮಾಳಿಗೆ ಹತ್ತಿ ನೋಡುತ್ತೇನೆ. ಒಣಗಿದ ಸೀರೆಯನ್ನೇ ಮತ್ತೆ ನೆನೆಸಿಕೊಂಡು ಹತ್ತಿದ ದಿನಗಳೂ ಇವೆ. ನಗುವವರು ನಗಲಿ.

ತಪ್ಪು ನನ್ನದು. ಈಗ ಒಪ್ಪುತ್ತೇನೆ, ಆಗ ಒಪ್ಪಿರಲಿಲ್ಲ. ನಮ್ಮಲ್ಲಿ ಉಣ್ಣುವವರು ‘ಸಾಕು’ ಎಂದರೆ ಅದು ಬರೀ ಮರ್ಯಾದೆಯ ಮಾತು. ಅದನ್ನು ಕೇಳಿ ಕೈ ನಿಲ್ಲಿಸಿದವಳು ಜಿಪುಣಿ ಎನಿಸಿಕೊಳ್ಳುತ್ತಾಳೆ. ಮೌನೇಶನಿಗೆ ಎಂಟು ವರ್ಷದಿಂದ ಶುಗರ್ ಇದೆ ಎಂದು ನನಗೆ ಗೊತ್ತಿತ್ತು. ಆದರೂ ಎಳ್ಳ ಅಮಾವಾಸ್ಯೆಯ ದಿನ ಐದು ಹೋಳಿಗೆ ಹಾಕಿದೆ. ಅವನು ಗಂಗಾಳದ ಮೇಲೆ ಕೈ ಅಡ್ಡ ಹಿಡಿದ. ದೊಡ್ಡ ಸಾಹೇಬ ಬಂದ ನೋಡು ಎಂದು ಚಾಷ್ಟಿ ಮಾಡಿ ನಕ್ಕು, ಅವನ ಬೆರಳ ಸಂದಿಯಿಂದಲೇ ತುಪ್ಪ ಸುರಿದೆ. ಅವತ್ತು ರಾಯಚೂರು ಮುಟ್ಟುವ ಮೊದಲೇ ಅವನು ಟಿಕೆಟ್ ಕೊಡುತ್ತ ಕೊಡುತ್ತ ಸೀಟುಗಳ ನಡುವೆ ಕುಸಿದುಬಿದ್ದ. ಆರು ದಿನ ಆಸ್ಪತ್ರೆ.

ನೋಡಲು ಹೋದಾಗ ಅವನ ಹೆಂಡತಿ ಅನುರಾಧಾ ವಾರ್ಡಿನ ಬಾಗಿಲಲ್ಲೇ ತಡೆದಳು. ದನಿ ಏರಿಸಲಿಲ್ಲ, ಮುಖ ಸಿಂಡರಿಸಲಿಲ್ಲ.

“ಅಕ್ಕಾರ, ನಿಮ್ಮ ಕೈ ನಿಲ್ಲೂತನ ಅವ್ರು ನಿಮ್ಮನಿಗಿ ಉಣ್ಣಾಕ ಬರಂಗಿಲ್ರೀ.”

ನಾನು ಸುಮ್ಮನಿದ್ದರೆ ಆಗುತ್ತಿತ್ತು. ನಿನ್ನ ರೊಟ್ಟಿ ಉಬ್ಬುವುದಿಲ್ಲ, ಅದಕ್ಕೇ ನಿನಗೆ ಹೊಟ್ಟೆಕಿಚ್ಚು ಎಂದುಬಿಟ್ಟೆ, ಅಷ್ಟು ಮಂದಿಯ ಮುಂದೆ.

ಅವ್ವ ಸತ್ತಾಗ ನನಗೆ ಹದಿಮೂರು, ಅವನಿಗೆ ನಾಲ್ಕು. ಗಿಲ್ಲೆಸುಗೂರಿನ ನಮ್ಮ ತವರುಮನೆಯಲ್ಲಿ ಅವನನ್ನು ಬೆಳೆಸಿದ್ದು ನನ್ನ ಈ ಕೈ. ಹೊಟ್ಟೆ ತುಂಬಿ ಅವನು ಗೋಡೆಗೆ ಒರಗಿದರೆ ಸಾಕು, ನನ್ನ ದಿನ ಮುಗಿದಂತೆ. ಗಂಡ ತೀರಿದ ಮೇಲಂತೂ ಆ ಮಧ್ಯಾಹ್ನ ಒಂದರ ಬಸ್ಸಿಗೇ ನಾನು ಬದುಕಿದ್ದೆ. ಅವನು ಬರುವುದು ನಿಂತ ಮೇಲೆ ನನಗೆ ಒಲೆ ಹಚ್ಚುವುದೇ ಬೇಸರ. ಅವನ ಹಸಿವು ನನಗೆ ಎಷ್ಟು ಬೇಕಾಗಿತ್ತು ಎಂದು ಆಗ ತಿಳಿಯಿತು.

ಪಕ್ಕದ ಮನೆಯ ಖುರ್ಷೀದ್ ಬೇಗಂಳ ಗಂಡನಿಗೆ ಇಪ್ಪತ್ತು ವರ್ಷದಿಂದ ಇದೇ ಜಡ್ಡು. ಆದರೂ ಮನುಷ್ಯ ಗಟ್ಟಿಯಾಗಿದ್ದಾನೆ, ಉಂಡೆದ್ದು ತೇಗುತ್ತಾನೆ. ಒಂದು ದಿನ ನಾನೇ ನಾಚಿಕೆ ಬಿಟ್ಟು ಹೋಗಿ, ಅದು ಹೇಗೆ ಎಂದು ಕೇಳಿದೆ. ಕೂತು ನೋಡು ಎಂದಳು. ಗಂಗಾಳದ ಅರ್ಧ ಸೊಪ್ಪು, ಕಾಳಿನ ಪಲ್ಯ, ಸೌತೆಕಾಯಿ, ಒಂದು ಬಟ್ಟಲು ಮೊಸರು. ರೊಟ್ಟಿ ಎರಡೇ, ಅಂಗೈಯಗಲದವು. ಗಂಡ ಹೆಂಡತಿ ಎದುರುಬದುರು ಕೂತು, ಮಾತಾಡುತ್ತ, ಯಾವ ಅವಸರವೂ ಇಲ್ಲದೆ ಉಂಡರು. ಅವನು ಇನ್ನೊಂದು ಬೇಕು ಎನ್ನಲಿಲ್ಲ, ಅವಳೂ ಕೇಳಲಿಲ್ಲ. ನಿನಗೆ ಸುಮ್ಮನಿರಲು ಹೇಗಾಗುತ್ತದೆ ಎಂದೆ.

“ನಾನೂ ಜೋಡೀಲೇ ಉಣ್ತೀನಲ್ಲ, ನೀಲಗಂಗಕ್ಕಾ. ನೀ ಪೊಲೀಸರಂಗ ರೊಟ್ಟಿ ಬುಟ್ಟಿ ಹಿಡಕೊಂಡು ನಿಂತಿರ್ತಿ.”

ಸಿಟ್ಟು ಬಂತು, ಆದರೆ ಮಾತು ನಿಜ. ಬಡಿಸುವವಳು ನಿಂತಿರಬೇಕು, ಎಲ್ಲರದೂ ಆದ ಮೇಲೆ ಉಣ್ಣಬೇಕು, ನಮ್ಮ ಮನೆಯ ರೀತಿ ಅದು. ಇನ್ನೊಂದು ರೀತಿಯೂ ಇದೆ. ಉಣ್ಣಲು ಕೂತು ಒಂದು ತುತ್ತು ಮುರಿದರೆ ಕೈ ಎಂಜಲಾಯಿತು. ಎಂಜಲು ಕೈ ರೊಟ್ಟಿ ಬುಟ್ಟಿ ಮುಟ್ಟುವಂತಿಲ್ಲ, ಎಡಗೈಯಲ್ಲಂತೂ ಬಡಿಸುವಂತಿಲ್ಲ. ಡಾಕ್ಟರ ಮಾತಿಗೆ ನಿಲ್ಲದ ನನ್ನ ಕೈ ಎಂಜಲಿಗಾದರೂ ನಿಲ್ಲುತ್ತದೆ ಎಂದು ಹೊಳೆಯಿತು.

ಅನುರಾಧಾಳಿಗೆ ಫೋನ್ ಮಾಡಲು ನಾಲ್ಕು ದಿನ ಹಿಡಿಯಿತು. ರೊಟ್ಟಿಯ ಮಾತು ಆಡಬಾರದಿತ್ತು, ತಪ್ಪಾಯಿತು ಎಂದೆ. ನಾನೂ ಅವನ ಜೊತೆ ಕೂತು ಉಣ್ಣುತ್ತೇನೆ, ಒಂದು ಸಲ ಕಳಿಸು, ಕೈ ತಪ್ಪಿದರೆ ಮತ್ತೆ ಎಂದೂ ಕರೆಯುವುದಿಲ್ಲ ಎಂದೆ.

“ನಾಳಿ ಡಬ್ಬಿ ಕಟ್ಟಂಗಿಲ್ರೀ, ಅಕ್ಕಾರ,” ಎಂದಳು.

ಮರುದಿನ ಪುಂಡಿಸೊಪ್ಪಿನ ಪಲ್ಯ, ಹೆಸರುಕಾಳು, ಸೌತೆಕಾಯಿ, ಮೊಸರು. ರೊಟ್ಟಿ ನಾಲ್ಕು ಸಾಕಿತ್ತು. ಹಾಳು ರೂಢಿ, ಒಂಬತ್ತು ಬಡಿದಿದ್ದೆ. ಮೌನೇಶ ಬಂದ, ತೆಳ್ಳಗಾಗಿದ್ದ, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಅಷ್ಟು ಹತ್ತಿರದಿಂದ ನೋಡಿ ಒಂದೂವರೆ ವರ್ಷವಾಗಿತ್ತು. ಅವನಿಗೆ ಎರಡು ರೊಟ್ಟಿ ಇಟ್ಟೆ, ನನಗೆ ಎರಡು. ಮನಸ್ಸು ಬದಲಾಗುವ ಮೊದಲೇ ಕೂತು, ಅವನಿಗಿಂತ ಮುಂಚೆ ತುತ್ತು ಮುರಿದು ಬಾಯಿಗಿಟ್ಟೆ. ಅವನು ತಲೆ ಎತ್ತಿ ನೋಡಿ, ತಾನೂ ತುತ್ತು ಮುರಿದ.

ಅವನ ಎರಡನೆಯ ರೊಟ್ಟಿ ಮುಗಿಯಿತು. ಬುಟ್ಟಿ ನನ್ನ ಮಂಡಿಯ ಪಕ್ಕದಲ್ಲೇ ಇತ್ತು. ಕೈ ತಾನಾಗಿ ಹೋಯಿತು, ಬೆರಳಿಗೆ ಮೆತ್ತಿದ ಪಲ್ಯ ಕಂಡು ಹಿಂದಕ್ಕೆ ಬಂತು. ಬರಿದಾದ ಗಂಗಾಳವನ್ನು ನೋಡುತ್ತ ಸುಮ್ಮನೆ ಕೂರುವುದು ನನಗೆ ಆವರೆಗೆ ಗೊತ್ತಿರಲಿಲ್ಲ. ಅವನು ಮಜ್ಜಿಗೆ ಕುಡಿದು ಲೋಟ ಇಟ್ಟ. ಏಳಲಿಲ್ಲ. ನನ್ನ ಗಂಗಾಳವನ್ನೇ ನೋಡುತ್ತಿದ್ದ.

“ಅಕ್ಕಾ, ನೀ ಉಣ್ಣೂದು ನಾ ಇವತ್ತೇ ನೋಡಾಕತ್ತೀನಿ.”

ಹುಚ್ಚ, ಏನೇನೋ ಆಡಬೇಡ ಎಂದೆ.

“ಸಣ್ಣಾಂವಿದ್ದಾಗ ‘ನಂದು ಊಟಾ ಆತು, ನೀ ಉಣ್ಣು’ ಅಂತಿದ್ದಿ. ಸುಳ್ಳು ಅಂತ ನಂಗ ಗೊತ್ತಿತ್ತು. ಗೊತ್ತಿದ್ದೂ ಉಂಡೀನಿ.”

ಹೊರಗೆ ಡ್ರೈವರ್ ಹಾರ್ನ್ ಹೊಡೆದ. ಏಳು, ಮಂದಿ ಕಾಯುತ್ತಿದ್ದಾರೆ, ನನ್ನದು ಆಮೇಲೆ ಆಗುತ್ತದೆ ಎಂದೆ. ಅವನು ಕಾಲು ಮಡಚಿಕೊಂಡು ಇನ್ನೂ ನೆಟ್ಟಗೆ ಕೂತ.

“ನೀ ಉಂಡು ಏಳೂತನ ನಾ ಏಳಂಗಿಲ್ಲ. ಉಣ್ಣು.”

ಡ್ರೈವರ್ ಮತ್ತೆ ಹಾರ್ನ್ ಹೊಡೆದ. ನನ್ನ ಗಂಗಾಳದಲ್ಲಿ ಇನ್ನೂ ಅರ್ಧ ರೊಟ್ಟಿ ಇತ್ತು. ಅದನ್ನು ಚೂರು ಚೂರಾಗಿ ಮುರಿದು, ಒಂದೊಂದೇ ಚೂರನ್ನು ಪಲ್ಯಕ್ಕೆ ಒತ್ತಿ, ಅಗಿದು ಅಗಿದು ತಿಂದೆ. ಅವನು ಎದುರಿಗೆ ಕೂತೇ ಇದ್ದ. ಅರ್ಧ ರೊಟ್ಟಿಯನ್ನು ಅಷ್ಟು ಹೊತ್ತು ನಾನು ಎಂದೂ ಉಂಡಿರಲಿಲ್ಲ.