ಎಡಗೆನ್ನೆಯ ಕಪ್ಪು

ನನ್ನ ತಲೆ ಕೆಟ್ಟು ಮೂರು ದಿನ ಆಗಿತ್ತು. ಕಾರಣ, ಅಕ್ಕನ ಎಡಗೆನ್ನೆ ಮೇಲಿನ ಒಂದು ಕಪ್ಪು. ನಿಜವಾದ ಅಕ್ಕನದ್ದಲ್ಲ, ಕಂಪ್ಯೂಟರಿನೊಳಗಿನ ಅಕ್ಕನದ್ದು.

ಗೇಮುಗಳಲ್ಲಿ ಓಡಾಡುವ ಗೊಂಬೆಗಳಿಗೆ ಅಂಗಿ, ಹೆಲ್ಮೆಟ್ಟು, ಮುಖ ಮಾಡಿಕೊಡೋದು ನನ್ನ ಹೊಟ್ಟೆಪಾಡು. ಅಕ್ಕ ಅದೇ ಗೇಮುಗಳಲ್ಲಿ ಒಂದರಲ್ಲಿ ಆರು ವರ್ಷದಿಂದ ಐದು ಜನರ ತಂಡಕ್ಕೆ ಕ್ಯಾಪ್ಟನ್. ಹೋದ ವರ್ಷ ಒಂದು ಬೆಳಿಗ್ಗೆ ಎದ್ದಾಗ ಅವಳ ಮುಖದ ಎಡಭಾಗ ಸೋತುಹೋಗಿತ್ತು. ನರದ ತೊಂದರೆ, ನಿಧಾನವಾಗಿ ಸರಿಹೋಗುತ್ತೆ ಅಂದರು ಡಾಕ್ಟರು. ಅವತ್ತಿನಿಂದ ಅವಳು ತಂಡದವರ ಮುಂದೆ ಕ್ಯಾಮೆರಾ ಹಾಕಿಲ್ಲ, ಬರೀ ಮಾತು. ಈಗ ಆ ಪುಣ್ಯಾತ್ಮರು ಭಾನುವಾರ ನಾಲ್ಕು ಗಂಟೆಗೆ ಎಲ್ಲರೂ ತಂತಮ್ಮ ಮುಖದ ಗೊಂಬೆಯಲ್ಲೇ ಬರಬೇಕು ಅಂತ ತಮಾಷೆಗೆ ಒಂದು ನಿಯಮ ಮಾಡಿದ್ದರು.

"ನನ್ನ ಮುಖ ಮಾಡಿಕೊಡು ಕಣೋ," ಅಂದಳು ಅಕ್ಕ. "ಒಂದು ಸಲ ಅವರೆಲ್ಲ ನೋಡಲಿ. ನೋಡಿ ಸುಮ್ಮನಾಗಿಬಿಟ್ಟರೆ ನಾನು ತಂಡ ಬಿಟ್ಟುಬಿಡ್ತೀನಿ."

"ನಿನ್ನ ಮುಖಕ್ಕೆ ಏನಾಗಿದೆ? ಎಲ್ಲಾ ಸರಿಹೋಗಿದೆಯಲ್ಲ," ಅಂದೆ. ನಮ್ಮ ಮನೆಯಲ್ಲಿ ಎಲ್ಲರೂ ಹಾಗೇ ಅನ್ನೋದು. ಅಮ್ಮನಂತೂ ದಿನಾ ಹೇಳ್ತಾಳೆ, "ಏನೂ ಗೊತ್ತಾಗಲ್ಲ ಬಿಡೇ."

ಗುರುವಾರ ಫೋನಿನಲ್ಲಿ ಅಕ್ಕನ ಸುತ್ತಲೂ ಎಂಬತ್ತು ಫೋಟೊ ತೆಗೆದು, ಅವನ್ನು ಕೂಡಿಸಿ ಕಂಪ್ಯೂಟರಿನಲ್ಲಿ ಅವಳ ತಲೆ ಕಟ್ಟಿದೆ. ಗೇಮಿನ ಮೈಗೆ ಜೋಡಿಸಿದೆ. ಕತ್ತಿನ ಸುತ್ತ ಕಪ್ಪು ಗೆರೆ ಬಂತು. ಅದು ಬಂದೇ ಬರುತ್ತೆ. ಈ ಗೊಂಬೆಗಳ ಚರ್ಮ ಅಂದರೆ ಸಣ್ಣಸಣ್ಣ ಚಪ್ಪಟೆ ತುಂಡುಗಳ ಬಲೆ, ಮೆಶ್ ಅಂತೀವಿ. ಯಾವ ತುಂಡು ಎತ್ತ ಮುಖ ಮಾಡಿದೆ ಅಂತ ಹೇಳೋಕೆ ಒಂದೊಂದಕ್ಕೂ ಕಣ್ಣಿಗೆ ಕಾಣದ ಒಂದು ಬಾಣ. ಬೆಳಕು ಬಾಣದ ಮಾತು ಕೇಳುತ್ತೆ. ತಲೆಯ ಬಾಣ ಒಂದು ಕಡೆ, ಮೈಯ ಬಾಣ ಇನ್ನೊಂದು ಕಡೆ ನೋಡಿದರೆ ನಡುವೆ ಗೆರೆ. ಎರಡನ್ನೂ ಹೊಂದಿಸಿದೆ. ಅರ್ಧ ಗಂಟೆಯಲ್ಲಿ ಗೆರೆ ಮಾಯ.

ಆಮೇಲೆ ಕಣ್ಣಿಗೆ ಬಿತ್ತು ಈ ಕಪ್ಪು. ಬಾಯಿಯ ಎಡ ತುದಿಯಿಂದ ಕೆನ್ನೆ ಮೇಲಕ್ಕೆ. ಎಲ್ಲಾ ಬಾಣಗಳನ್ನೂ ಹೊಸದಾಗಿ ಲೆಕ್ಕ ಹಾಕಿಸಿದೆ, ಹೋಗಲಿಲ್ಲ. ಬಲೆಯಲ್ಲಿ ಒಂದರ ಮೇಲೊಂದು ಕೂತ ಬಿಂದುಗಳಿದ್ದಾವಾ ಅಂತ ಹುಡುಕಿ ಬೆಸೆದೆ, ಹೋಗಲಿಲ್ಲ. ಬಣ್ಣವನ್ನೆಲ್ಲ ಕಿತ್ತುಹಾಕಿ ಬರೀ ಬೂದುಬಣ್ಣದಲ್ಲಿ ನೋಡಿದೆ, ಅಲ್ಲೇ ಇದೆ! ಥೂ, ಇದರ ಮನೆ ಹಾಳಾಗ ಅಂತ ಕೀಬೋರ್ಡ್ ಕುಟ್ಟಿದೆ. ಕಂಪ್ಯೂಟರಿನೊಳಗಿನ ದೀಪ ತಿರುಗಿಸಿ ನೋಡಿದಾಗ ಇನ್ನೂ ಗೊಂದಲ. ಬಾಣ ತಪ್ಪಿದ್ದರೆ ಕಪ್ಪು ಹುಚ್ಚುಚ್ಚಾಗಿ ಆಡುತ್ತೆ. ಇದು ಮರ್ಯಾದಸ್ಥರ ಹಾಗೆ ದೀಪ ಆ ಕಡೆ ಹೋದರೆ ತಾನು ಈ ಕಡೆ ಸರಿಯುತ್ತಿತ್ತು. ಇಷ್ಟು ಶಿಸ್ತಿನ ತಪ್ಪನ್ನು ನಾನು ಹುಟ್ಟಿದಾರಭ್ಯ ನೋಡಿಲ್ಲ.

ಭಾನುವಾರ ಮಧ್ಯಾಹ್ನ ಸೋತು, ಬಲಗೆನ್ನೆಯನ್ನೇ ಎಡಕ್ಕೆ ಮಗುಚಿ ಅಂಟಿಸಿದೆ. ಮುಖ ಬೆಣ್ಣೆ ಹಾಗೆ ಆಯ್ತು. ಅಕ್ಕನನ್ನು ಕರೆದೆ.

ಅಕ್ಕ ತುಂಬಾ ಹೊತ್ತು ನೋಡಿದಳು. "ಯಾರೋ ಇವಳು?"

"ನೀನೇ ಕಣೆ!"

"ನನ್ನ ಎಡಗಡೆ ಎಲ್ಲಿ?"

"ಅಲ್ಲಿ ಶೇಡಿಂಗ್ ಕೆಟ್ಟು ಕಪ್ಪು ಬಿದ್ದಿತ್ತು. ಮೂರು ದಿನ ಒದ್ದಾಡಿ ಸರಿ ಮಾಡಿದೀನಿ."

"ಸರಿ ಮಾಡಿದೀಯಾ," ಅಂದಳು. ದನಿ ಸಣ್ಣಗಿತ್ತು. ನನಗೆ ಏನೂ ಅರ್ಥವಾಗಲಿಲ್ಲ, ಕೋಪವೂ ಬಂತು. ಅವಳು ಕುರ್ಚಿ ಎಳೆದುಕೊಂಡು, ಕಿಟಕಿಯ ಬೆಳಕು ಬೀಳುವ ಹಾಗೆ ನನ್ನ ಎದುರು ಕೂತಳು. "ನೋಡು. ಈ ಕಡೆ ನೋಡು."

ನೋಡಿದೆ. ಬಾಯಿಯ ಎಡ ತುದಿಯಿಂದ ಕೆನ್ನೆ ಮೇಲಕ್ಕೆ ಒಂದು ತಗ್ಗು, ತಗ್ಗಿನಲ್ಲಿ ನೆರಳು. ಅವಳು ಮೆಲ್ಲಗೆ ತಲೆ ತಿರುಗಿಸಿದಳು. ನೆರಳೂ ಮರ್ಯಾದೆಯಿಂದ ಸರಿಯಿತು.

ಒಂದು ವರ್ಷದಿಂದ ನಾವೆಲ್ಲ ಊಟಕ್ಕೆ, ಟಿವಿಗೆ, ಕಾರಿನಲ್ಲಿ ಅವಳ ಬಲಕ್ಕೇ ಕೂರುತ್ತಿದ್ದೆವು. ಯಾರೂ ಯಾರಿಗೂ ಹೇಳಿದ್ದಲ್ಲ, ಹಾಗೇ ರೂಢಿಯಾಗಿತ್ತು. ಎಂಬತ್ತು ಫೋಟೊ ತೆಗೆಯುವಾಗಲೂ ನಾನು ಫೋನಿನ ಪರದೆ ಮೇಲಿನ ಚೌಕಟ್ಟಿನ ಗುರುತು ನೋಡಿದ್ದೆ, ಅಕ್ಕನನ್ನು ನೋಡಿರಲಿಲ್ಲ. ನಾಚಿಕೆಯಿಂದ ನನಗೆ ಸತ್ತುಹೋಗೋಣ ಅನ್ನಿಸಿತು.

"ತಪ್ಪಾಯ್ತು ಕಣೆ," ಅಂದೆ.

"ಅಳ್ಬೇಡ ಮಾರಾಯ. ಗಂಟೆ ಮೂರೂ ಮುಕ್ಕಾಲು. ನನ್ನ ಮುಖ ವಾಪಸ್ ಕೊಡು."

ಗಡಿಬಿಡಿಯಲ್ಲಿ, ನಾನು ತಿದ್ದೋಕೆ ಕೈಹಾಕುವ ಮುಂಚಿನ, ಗುರುವಾರದ ಫೈಲ್ ಹುಡುಕಿ ತೆಗೆದೆ. ಅದನ್ನೇ ಗೇಮಿಗೆ ಹಾಕಿದೆ. ಸರಿಯಾಗಿ ನಾಲ್ಕಕ್ಕೆ ಅಕ್ಕ ತಂಡದ ಕೋಣೆಯೊಳಗೆ ಕಾಲಿಟ್ಟಳು.

ಸ್ಪೀಕರ್ ಮೌನ. ಪರದೆಯ ಮೇಲೆ ನಾಲ್ಕು ಗೊಂಬೆಗಳು ಇವಳ ಕಡೆ ತಿರುಗಿದವು. ಅಕ್ಕನ ಬೆರಳು ಹೊರಗೆ ಹೋಗುವ ಗುಂಡಿಯ ಮೇಲೆ ಬಂದಿತ್ತು.

"ಕ್ಯಾಪ್ಟನ್," ಅಂತು ಒಂದು ದನಿ. ಅವನನ್ನು ಎಲ್ಲರೂ ಗೂಬೆ ಅಂತ ಕರೆಯೋದು, ದೂರದ ಶತ್ರು ಮೊದಲು ಕಾಣೋದು ಅವನಿಗೇ. "ತಪ್ಪು ತಿಳ್ಕೋಬೇಡಿ. ಅದೇನು ಕಪ್ಪಗೆ?"

ಅಕ್ಕನ ಇನ್ನೊಂದು ಕೈ ಎಡಗೆನ್ನೆಗೆ ಹೋಯಿತು. "ಯಾವುದು?"

"ಕತ್ತಿನ ಸುತ್ತ. ಯಾರೋ ತಲೆ ಕಡಿದು ವಾಪಸ್ ಅಂಟಿಸಿದ ಹಾಗಿದೆಯಲ್ರೀ!"

ಅಯ್ಯೋ ದೇವರೇ, ಕತ್ತಿನ ಗೆರೆ! ಹಳೇ ಫೈಲಿನ ಜೊತೆ ಅದೂ ವಾಪಸ್ ಬಂದಿತ್ತು. ಉಳಿದವರೆಲ್ಲ ಒಟ್ಟಿಗೆ ನಗೋಕೆ ಶುರು ಮಾಡಿದರು. ಯಾರೋ ಒಬ್ಬಳು "ಸದ್ಯ, ವರ್ಷ ಆದಮೇಲೆ ಮುಖ ತೋರಿಸಿದ್ರಲ್ಲ," ಅಂತ ಬೈದಳು.

"ಆ ಗೆರೆ ನನ್ನದಲ್ಲ ಕಣ್ರೋ," ಅಂದಳು ಅಕ್ಕ, "ಅದು ನನ್ನ ತಮ್ಮನ ಕೆಲಸ." ಹೇಳಿ ಜೋರಾಗಿ ನಕ್ಕಳು. ಬಾಯಿ ಬಲಕ್ಕೆ ಎಳೆಯಿತು, ಎಡಗಡೆ ಸ್ವಲ್ಪ ತಡವಾಗಿ ಅದರ ಹಿಂದೆ ಬಂತು. ನಾನು ಅವಳ ಎಡಕ್ಕೆ ಕೂತಿದ್ದೆ, ಪೂರ್ತಿ ನೋಡಿದೆ.